ರೋಮನ್ ಸೈನಿಕರ ಬೇಟೆಯ ಸಿನಿಮಾ ‘ಸೆಂಚುರಿಯನ್’: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಿನಿಮಾವನ್ನು ನಾನು ಸಿಕ್ಕ ಸಿಕ್ಕವರಿಗೆಲ್ಲ ನೋಡಿ ಅಂತ ಹೇಳಿದ್ದೇನೆ. ನೋಡಿದವರು ಮತ್ತೆ ಬಂದು ಪ್ರಶ್ನೆ ಕೇಳಿದ್ದಾರೆ. ಕೆಲವರು ಬರೆದು ಕೇಳಿದ್ದಾರೆ, ಕೆಲವರು ಫೋನಿನಲ್ಲಿ ಜಗಳವನ್ನೇ ಆಡಿದ್ದಾರೆ. ಪದೇ ಪದೇ ಬಂದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು. ಎರಡನೇ ಭಾಗದಲ್ಲಿ ಕಥೆಯ ಕೊನೆ ಬರುತ್ತದೆ. ಸಿನಿಮಾ ನೋಡಿಲ್ಲದವರು ಅದನ್ನು ಬಿಟ್ಟು ಮೂರನೆಯದಕ್ಕೆ ಹೋಗಿ.

## ಇನ್ನೂ ನೋಡದವರಿಗೆ

‘ಸೆಂಚುರಿಯನ್’ ಅಂದ್ರೆ ಯಾವ ಸಿನಿಮಾ? ಯಾರ್ಯಾರು ಇದ್ದಾರೆ?

2010ರಲ್ಲಿ ಬಂದ ಬ್ರಿಟಿಷ್ ಸಿನಿಮಾ. ಬರೆದು ನಿರ್ದೇಶಿಸಿದವರು ನೀಲ್ ಮಾರ್ಷಲ್. ಕ್ವಿಂಟಸ್ ಡಯಾಸ್ ಎಂಬ ಸೆಂಚುರಿಯನ್ (ರೋಮನ್ ಸೈನ್ಯದ ಒಬ್ಬ ಅಧಿಕಾರಿ) ಆಗಿ ಮೈಕಲ್ ಫಾಸ್‌ಬೆಂಡರ್ ಇದ್ದಾರೆ. ಅವನ ಬೆನ್ನು ಹತ್ತುವ ಎಟೈನ್ ಆಗಿ ಓಲ್ಗಾ ಕುರಿಲೆಂಕೊ, ಜನರಲ್ ವಿರಿಲಸ್ ಆಗಿ ಡೊಮಿನಿಕ್ ವೆಸ್ಟ್. ಲಿಯಾಮ್ ಕನಿಂಗ್‌ಹ್ಯಾಮ್, ಡೇವಿಡ್ ಮಾರಿಸ್ಸಿ, ಇಮೋಜೆನ್ ಪೂಟ್ಸ್, ರಿಜ್ ಅಹ್ಮದ್ ಕೂಡ ಇದ್ದಾರೆ. ಇವರಲ್ಲಿ ಹಲವರು ಆಮೇಲೆ ತುಂಬಾ ದೊಡ್ಡ ಹೆಸರಾದರು. ಸಿನಿಮಾ ಮಾತ್ರ ಥಿಯೇಟರಿನಲ್ಲಿ ಹಾಕಿದ ದುಡ್ಡು ವಾಪಸ್ ತರಲಿಲ್ಲ. ಉದ್ದ 97 ನಿಮಿಷ ಅಷ್ಟೇ.

ಕಥೆ ಏನು? ಕೊನೆ ಮಾತ್ರ ಹೇಳಬೇಡಿ.

ಕ್ರಿ.ಶ. 117. ಬ್ರಿಟನ್ನಿನ ದಕ್ಷಿಣ ಭಾಗ ರೋಮನ್ನರ ಕೈಯಲ್ಲಿದೆ. ಉತ್ತರದ ಗುಡ್ಡಗಾಡು, ಅಂದರೆ ಇವತ್ತಿನ ಸ್ಕಾಟ್ಲೆಂಡ್, ಬಗ್ಗಿಲ್ಲ. ಅಲ್ಲಿನ ಪಿಕ್ಟ್ ಜನರ ದೊರೆ ಗೊರ್ಲಾಕನ್‌ನನ್ನು ಮುಗಿಸಲು ಗವರ್ನರ್ ಅಗ್ರಿಕೋಲ ಒಂಬತ್ತನೇ ಲೀಜನ್ ಎಂಬ ಸೇನಾದಳವನ್ನು ಕಳಿಸುತ್ತಾನೆ. ದಾರಿ ತೋರಿಸಲು ಎಟೈನ್ ಎಂಬ ಹೆಣ್ಣುಮಗಳು ಜೊತೆಗಿದ್ದಾಳೆ. ಕಾಡಿನಲ್ಲಿ ಹೊಂಚುದಾಳಿ ನಡೆದು ಇಡೀ ದಳ ನಾಶವಾಗುತ್ತದೆ. ಏಳು ಜನ ಉಳಿಯುತ್ತಾರೆ. ಶತ್ರುವಿನ ನೆಲದ ಒಳಗೆ ಸಿಕ್ಕಿಬಿದ್ದ ಈ ಏಳು ಜನ ನಡೆದು ಮನೆ ಸೇರಬೇಕು. ಹಿಂದೆ ಕುದುರೆಯ ಮೇಲೆ ಬೇಟೆಗಾರರು. ಉಳಿದದ್ದೆಲ್ಲ ಓಟ.

ಸೆಂಚುರಿಯನ್ ಅಂದ್ರೆ ನೂರು ಜನರ ನಾಯಕ ಅಲ್ವಾ?

ಹೆಸರು ಹಾಗೆ ಹೇಳುತ್ತದೆ, ಲೆಕ್ಕ ಬೇರೆ. ಆ ಕಾಲದಲ್ಲಿ ಒಬ್ಬ ಸೆಂಚುರಿಯನ್ ಕೈಕೆಳಗೆ ಸಾಮಾನ್ಯವಾಗಿ 80 ಜನ ಇರುತ್ತಿದ್ದರು. ಎಂಟೆಂಟು ಜನರ ಹತ್ತು ಗುಂಪು, ಪ್ರತಿ ಗುಂಪಿಗೆ ಒಂದು ಡೇರೆ. ಒಂದು ಲೀಜನ್ ಅಂದರೆ ಸುಮಾರು 5000 ಜನ. ಸೆಂಚುರಿಯನ್ ಕೈಯಲ್ಲಿ ದ್ರಾಕ್ಷಿ ಬಳ್ಳಿಯ ಒಂದು ಕೋಲು ಇರುತ್ತಿತ್ತು. ತಪ್ಪು ಮಾಡಿದ ಸೈನಿಕನ ಬೆನ್ನಿಗೆ ಬೀಳುತ್ತಿದ್ದದ್ದು ಅದೇ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಒಬ್ಬ ಸೆಂಚುರಿಯನ್ ಬಗ್ಗೆ ಬರೆದಿದ್ದಾನೆ. ಹೊಡೆದೂ ಹೊಡೆದೂ ಕೋಲು ಮುರಿದಾಗಲೆಲ್ಲ ಅವನು ಇನ್ನೊಂದು ತರಿಸುತ್ತಿದ್ದನಂತೆ. ಸೈನಿಕರು ಅವನಿಗೆ ‘ಇನ್ನೊಂದು ತಾ’ ಅಂತಲೇ ಅಡ್ಡಹೆಸರು ಇಟ್ಟಿದ್ದರು. ಕೊನೆಗೆ ದಂಗೆಯೆದ್ದು ಅವನನ್ನು ಕೊಂದರು. ನಮ್ಮ ಕ್ವಿಂಟಸ್ ಆ ಜಾತಿಯವನಲ್ಲ. ಜೊತೆಗಿದ್ದವರನ್ನು ಬಿಟ್ಟು ಹೋಗದ ಮನುಷ್ಯ.

ತುಂಬಾ ರಕ್ತ ಇದೆ ಅಂತಾರೆ. ಮಕ್ಕಳ ಜೊತೆ ನೋಡಬಹುದಾ?

ಬೇಡ. ಬ್ರಿಟನ್ನಿನಲ್ಲಿ ಇದಕ್ಕೆ 15 ವರ್ಷ ಮೇಲ್ಪಟ್ಟವರಿಗೆ ಎಂಬ ಪ್ರಮಾಣಪತ್ರ ಸಿಕ್ಕಿದೆ. ತಲೆ ಹಾರುತ್ತದೆ, ಕೊಡಲಿ ಮುಖಕ್ಕೇ ಬೀಳುತ್ತದೆ, ಒಂದು ಮಗುವಿನ ಕೊಲೆಯೂ ಇದೆ. ಕತ್ತಿಯ ಏಟು ಬಿದ್ದರೆ ಏನಾಗುತ್ತದೆ ಅಂತ ಮುಚ್ಚುಮರೆಯಿಲ್ಲದೆ ತೋರಿಸುತ್ತಾರೆ. ನನಗೆ ಅದು ಸರಿ ಅನಿಸುತ್ತದೆ. ಯುದ್ಧವನ್ನು ಚೆಂದ ಮಾಡಿ ತೋರಿಸುವುದಕ್ಕಿಂತ ಇದು ಪ್ರಾಮಾಣಿಕ. ಆದರೆ ಊಟ ಮಾಡುತ್ತಾ ನೋಡುವ ಸಿನಿಮಾ ಅಲ್ಲ.

ಅರಮನೆ, ಅಖಾಡ, ಚಕ್ರವರ್ತಿ ಇವೆಲ್ಲ ಇರುತ್ತಾ?

ಇಲ್ಲ. ರೋಮ್ ನಗರದ ಒಂದು ಕಲ್ಲೂ ಕಾಣುವುದಿಲ್ಲ. ಕಾಡು, ಹಿಮ, ಹೊಳೆ, ಬೋಳು ಗುಡ್ಡ, ಹೊಗೆಯಾಡುವ ಕೋಟೆ. ಅಷ್ಟೇ.

ಹಿಮ, ಬೆಟ್ಟ ಎಲ್ಲ ನಿಜವಾದದ್ದಾ, ಕಂಪ್ಯೂಟರಿನಲ್ಲಿ ಮಾಡಿದ್ದಾ?

ನಿಜವಾದದ್ದು. 2009ರ ಚಳಿಗಾಲದಲ್ಲಿ ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಬೆಟ್ಟಗಳ ಕಡೆ, ಗ್ಲೆನ್ ಫೆಶಿ ಕಣಿವೆಯ ಸುತ್ತ ಶೂಟಿಂಗ್ ನಡೆಯಿತು. ಕಾಡಿನ ಕೆಲವು ದೃಶ್ಯಗಳನ್ನು ಇಂಗ್ಲೆಂಡಿನ ಸರ‍್ರಿಯ ಆಲಿಸ್ ಹೋಲ್ಟ್ ಕಾಡಿನಲ್ಲಿ ತೆಗೆದರು. ಹಸಿರು ಪರದೆಯ ಮುಂದೆ ನಟರನ್ನು ನಿಲ್ಲಿಸುವುದು ಮಾರ್ಷಲ್‌ಗೆ ಬೇಕಿರಲಿಲ್ಲ. ಮೊದಲ ದೃಶ್ಯದಲ್ಲಿ ಫಾಸ್‌ಬೆಂಡರ್ ಬರಿಮೈಯಲ್ಲಿ, ಕೈ ಕಟ್ಟಿಸಿಕೊಂಡು ಹಿಮದಲ್ಲಿ ಓಡುತ್ತಾರಲ್ಲ, ಆ ನಡುಕ ನಟನೆ ಅಲ್ಲ. ಛಾಯಾಗ್ರಾಹಕ ಸ್ಯಾಮ್ ಮೆಕರ್ಡಿ ಇಡೀ ಚಿತ್ರದಿಂದ ಬಿಸಿ ಬಣ್ಣಗಳನ್ನು ತೆಗೆದುಬಿಟ್ಟಂತಿದೆ. ನೀಲಿ, ಬೂದು, ನಡುನಡುವೆ ರಕ್ತದ ಕೆಂಪು. ಬೆಂಕಿ ಕಂಡಾಗ ಮಾತ್ರ ಕಣ್ಣಿಗೆ ಬೆಚ್ಚಗಾಗುತ್ತದೆ.

ಈ ನಿರ್ದೇಶಕರ ಬೇರೆ ಸಿನಿಮಾ ಯಾವುದು?

‘ಡಾಗ್ ಸೋಲ್ಜರ್ಸ್’ (2002), ‘ದಿ ಡಿಸೆಂಟ್’ (2005), ‘ಡೂಮ್ಸ್‌ಡೇ’ (2008). ಒಂದು ಸಣ್ಣ ಗುಂಪು, ಪರಿಚಯವಿಲ್ಲದ ಜಾಗ, ಬೆನ್ನು ಹತ್ತಿದ ಅಪಾಯ: ಮಾರ್ಷಲ್ ಮತ್ತೆ ಮತ್ತೆ ಇಲ್ಲಿಗೇ ಬರುತ್ತಾರೆ. ಮುಂದೆ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಎರಡು ದೊಡ್ಡ ಯುದ್ಧದ ಕಂತುಗಳನ್ನೂ ಮಾಡಿದರು. ಅವರು ಹುಟ್ಟಿದ್ದು ನ್ಯೂಕ್ಯಾಸಲ್‌ನಲ್ಲಿ. ರೋಮನ್ನರ ಗಡಿಗೋಡೆ ಆ ಊರಿನ ಮೂಲಕವೇ ಹಾದುಹೋಗುತ್ತಿತ್ತು. ಗೋಡೆಯ ಆಚೆ ಏನಿರಬಹುದು ಎಂಬ ಪ್ರಶ್ನೆ ಅವರಿಗೆ ಮನೆ ಬಾಗಿಲಲ್ಲೇ ಸಿಕ್ಕಿದ್ದು.

## ನೋಡಿ ಮುಗಿಸಿದವರಿಗೆ (ಕಥೆಯ ಗುಟ್ಟು ಇಲ್ಲಿದೆ)

ಎಟೈನ್ ಯಾಕೆ ಒಂದು ಮಾತೂ ಆಡಲ್ಲ?

ರೋಮನ್ನರು ಅವಳ ನಾಲಿಗೆ ಕತ್ತರಿಸಿದ್ದಾರೆ. ಅದಕ್ಕೂ ಮೊದಲು ಅವಳ ಕಣ್ಣೆದುರೇ ಮನೆಯವರನ್ನು ಹಾಳು ಮಾಡಿದ್ದಾರೆ, ಅವಳ ಮೇಲೆ ಅತ್ಯಾಚಾರ ಮಾಡಿದ್ದಾರೆ. ಅವಳು ರೋಮನ್ನರ ಕೆಲಸಕ್ಕೆ ಸೇರಿದ್ದೇ ಒಳಗಿನಿಂದ ಹೊಡೆಯಲು. ಬೇರೆ ಪಾತ್ರಗಳೆಲ್ಲ ತಮ್ಮ ನೋವು, ತಮ್ಮ ಊರು, ತಮ್ಮ ಆಸೆ ಹೇಳಿಕೊಳ್ಳುತ್ತವೆ. ಎಲ್ಲರಿಗಿಂತ ಜಾಸ್ತಿ ಹೇಳಬೇಕಾದವಳಿಗೆ ಮಾತೇ ಇಲ್ಲ. ನೆಲ ಮುಟ್ಟಿ ಜಾಡು ಹಿಡಿಯುವಾಗ, ಗಾಳಿ ಮೂಸುವಾಗ, ಈಟಿ ಎತ್ತುವಾಗ ಅವಳ ದೇಹವೇ ಮಾತಾಡುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಮರೆಯದೆ ಉಳಿದ ಪಾತ್ರ ಇದೇ.

ಹಾಗಾದ್ರೆ ನಾವು ಯಾರ ಪರ ನಿಲ್ಲಬೇಕು? ಬೇರೆಯವರ ನೆಲಕ್ಕೆ ನುಗ್ಗಿದವರು ರೋಮನ್ನರೇ ತಾನೇ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಒಬ್ಬ ಗೆಳೆಯ ಅರ್ಧಕ್ಕೇ ಸಿನಿಮಾ ನಿಲ್ಲಿಸಿ ಫೋನ್ ಮಾಡಿದ್ದ. ಪಿಕ್ಟರದ್ದೇ ನ್ಯಾಯ, ಆದರೂ ನನ್ನ ಎದೆ ರೋಮನ್ನರಿಗೆ ಯಾಕೆ ಹೊಡ್ಕೊಳ್ತಿದೆ ಅಂತ ಕೇಳಿದ.

ಕಾರಣ ಕ್ಯಾಮೆರಾ. ಅದು ಓಡುವವರ ಜೊತೆ ಓಡುತ್ತದೆ. ಹಸಿವಾದಾಗ, ಕಾಲು ಮರಗಟ್ಟಿದಾಗ, ತೋಳ ಕೂಗಿದಾಗ ನಾವು ಅವರ ಪಕ್ಕದಲ್ಲೇ ಇರುತ್ತೇವೆ. ಹೆದರಿದ ಮನುಷ್ಯನ ಪಕ್ಕ ಇಷ್ಟು ಹೊತ್ತು ಕೂತರೆ ಅವನು ಯಾರ ಸೈನಿಕ ಎಂಬುದು ಮರೆಯುತ್ತದೆ. ಆದರೆ ಮಾರ್ಷಲ್ ಅದನ್ನು ಪೂರ್ತಿ ಮರೆಯಲು ಬಿಡುವುದಿಲ್ಲ. ಗೊರ್ಲಾಕನ್ ಹುಟ್ಟು ಕ್ರೂರಿಯಲ್ಲ. ರೋಮನ್ನರು ಹೆಂಡತಿಯನ್ನು ಕೊಂದ ಮೇಲೆ ಆಯುಧ ಹಿಡಿದವನು. ಎಟೈನ್‌ಗೆ ಏನಾಯಿತು ಎಂಬುದೂ ನಮಗೆ ಗೊತ್ತು. ಹಾಗಾಗಿ ಬೇಟೆಗಾರರ ಕೈಯಲ್ಲಿ ನ್ಯಾಯ ಇದೆ, ಓಡುವವರ ಜೊತೆ ನಮ್ಮ ಉಸಿರು ಇದೆ. ಈ ಎಳೆದಾಟವನ್ನು ಸಿನಿಮಾ ಬಿಡಿಸುವುದಿಲ್ಲ. ಅದಕ್ಕೇ ಇದು ನನಗೆ ಬರೀ ಹೊಡೆದಾಟದ ಸಿನಿಮಾ ಅಲ್ಲ. ಕ್ವಿಂಟಸ್ ಒಳ್ಳೆಯವನು, ಅವನು ಬಂದಿರುವ ಕೆಲಸ ಕೆಟ್ಟದ್ದು. ಎರಡೂ ನಿಜ.

ಥ್ಯಾಕ್ಸ್ ಆ ಮಗುವನ್ನು ಕೊಂದದ್ದು ಯಾಕೆ? ಅದು ಬೇಕಿತ್ತಾ?

ಸೆರೆಸಿಕ್ಕ ಜನರಲ್‌ನನ್ನು ಬಿಡಿಸಲು ಪಿಕ್ಟರ ಹಳ್ಳಿಗೆ ನುಗ್ಗಿದ ರಾತ್ರಿ, ಎಚ್ಚರವಾದ ಹುಡುಗ ಕೂಗಿಬಿಡುತ್ತಾನೆ ಎಂಬ ಭಯಕ್ಕೆ ಆ ಏಳು ಜನರಲ್ಲಿ ಒಬ್ಬನಾದ ಥ್ಯಾಕ್ಸ್ ಅವನ ಬಾಯಿ ಮುಚ್ಚಿ ಕೊಲ್ಲುತ್ತಾನೆ. ಅದು ಗೊರ್ಲಾಕನ್‌ನ ಮಗ. ಜೊತೆಯವರಿಗೆ ಈ ವಿಷಯ ಗೊತ್ತೇ ಇಲ್ಲ. ಅವರೆಲ್ಲ ಯಾವುದೋ ಒಂದು ಪಾಪಕ್ಕೆ ಓಡುತ್ತಾ ಸಾಯುತ್ತಾರೆ. ಸಿನಿಮಾ ಪಿಕ್ಟರ ಸಿಟ್ಟಿಗೆ ಇಷ್ಟು ಗಟ್ಟಿ ಕಾರಣ ಕೊಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮುಂದೆ ಇದೇ ಥ್ಯಾಕ್ಸ್ ತೋಳಗಳಿಂದ ತಪ್ಪಿಸಿಕೊಳ್ಳಲು ಜೊತೆಗೆ ಓಡುತ್ತಿದ್ದ ಮ್ಯಾಕ್ರೋಸ್‌ನ ಕಾಲಿನ ನರ ಕತ್ತರಿಸಿ ಬಿಟ್ಟು ಹೋಗುತ್ತಾನೆ. ಆ ದೃಶ್ಯ ನೋಡುವಾಗ ಈಗಲೂ ನನ್ನ ಹೊಟ್ಟೆ ತೊಳೆಸುತ್ತದೆ.

ಕೊನೆಗೆ ಬದುಕಿ ಬಂದವನನ್ನು ರೋಮನ್ನರೇ ಕೊಲ್ಲೋಕೆ ಹೊರಟಿದ್ದು ಯಾಕೆ?

ಅವನು ಸಾಕ್ಷಿ. ಒಂದು ಇಡೀ ಲೀಜನ್ ಬೆಟ್ಟಗಾಡಿನ ಜನರ ಕೈಯಲ್ಲಿ ಸತ್ತಿತು ಎಂದು ಹೊರಗೆ ಬಂದರೆ ಬೇರೆ ಕಡೆಯೂ ಜನ ತಲೆ ಎತ್ತುತ್ತಾರೆ. ಸೋತೆವು ಅನ್ನುವುದಕ್ಕಿಂತ ಆ ದಳದ ವಿಷಯವನ್ನೇ ಹೂತುಹಾಕುವುದು ಮೇಲಿನವರಿಗೆ ಸುಲಭ. ಏಳು ಜನರಲ್ಲಿ ಇನ್ನೊಬ್ಬನಾದ ಬೋಥೋಸ್‌ನ ಸಾವು ಇದಕ್ಕಿಂತ ನೋವಿನದು. ಅಷ್ಟೆಲ್ಲ ದಾಟಿ ಬಂದವನು ಖುಷಿಯಿಂದ ಗೋಡೆಯ ಕಡೆ ಕುದುರೆ ಓಡಿಸುತ್ತಾನೆ. ಕಾವಲಿನವರು ಶತ್ರು ಅಂತ ತಿಳಿದು ಬಾಣ ಬಿಡುತ್ತಾರೆ. ಮನೆ ಬಾಗಿಲಲ್ಲಿ ಮನೆಯವರೇ ಕೊಂದಂತೆ.

ಆರಿಯಾನ್ ಜೊತೆಗಿನ ಪ್ರೀತಿ ಸುಮ್ನೆ ತುರುಕಿದ ಹಾಗಿಲ್ವಾ?

ಸ್ವಲ್ಪ ಅವಸರ ಆಗಿದೆ, ಒಪ್ಪುತ್ತೇನೆ. ಆದರೆ ಮಾಟಗಾತಿ ಎಂದು ತನ್ನ ಜನರೇ ಹೊರಗೆ ಹಾಕಿದ ಹೆಣ್ಣು ಅವಳು. ತನ್ನವರೇ ಹೊರಗೆ ಹಾಕಿದ ಕ್ವಿಂಟಸ್ ಕೊನೆಗೆ ಅವಳ ಗುಡಿಸಲಿಗೇ ಹೋಗುವುದು ಕಥೆಗೆ ಹೊಂದುತ್ತದೆ.

## ಇತಿಹಾಸ ಕೆದಕುವವರಿಗೆ

ಒಂಬತ್ತನೇ ಲೀಜನ್ ನಿಜವಾಗ್ಲೂ ಸ್ಕಾಟ್ಲೆಂಡಿನಲ್ಲಿ ಮಾಯವಾಯ್ತಾ?

ದಳ ನಿಜ. ಹೆಸರು ಲೀಜಿಯೋ ನೊನ ಹಿಸ್ಪಾನ. ಅದು ಎಲ್ಲಿ ಮುಗಿಯಿತು ಎಂಬುದು ಇನ್ನೂ ತೀರ್ಮಾನವಾಗದ ವಾದ.

ಬ್ರಿಟನ್ನಿನಲ್ಲಿ ಈ ದಳದ ಕೊನೆಯ ಗಟ್ಟಿ ಗುರುತು ಯಾರ್ಕ್ ನಗರದಲ್ಲಿ ಸಿಕ್ಕ ಒಂದು ಕಲ್ಲಿನ ಶಾಸನ. ಚಕ್ರವರ್ತಿ ಟ್ರಾಜನ್ ಈ ದಳದ ಕೈಯಲ್ಲಿ ಕೋಟೆಯ ಬಾಗಿಲು ಕಟ್ಟಿಸಿದ ಎಂದು ಅದರಲ್ಲಿದೆ. ಕಾಲ ಕ್ರಿ.ಶ. 107-108. ಸುಮಾರು 122ರಲ್ಲಿ ಆರನೇ ಲೀಜನ್ ಬ್ರಿಟನ್ನಿಗೆ ಬಂದು ಯಾರ್ಕ್‌ನಲ್ಲಿ ನೆಲೆಸಿತು. ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಕಾಲದ ಹೊತ್ತಿಗೆ ರೋಮ್‌ನಲ್ಲಿ ಎಲ್ಲ ಲೀಜನ್‌ಗಳ ಹೆಸರು ಕೆತ್ತಿದ ಪಟ್ಟಿ ಇದೆ. ಅದರಲ್ಲಿ ಒಂಬತ್ತನೆಯದು ಇಲ್ಲ. ಈ ಖಾಲಿ ಜಾಗದಲ್ಲೇ ಕಥೆ ಹುಟ್ಟಿತು.

ಆದರೆ ನೆದರ್‌ಲೆಂಡ್ಸ್‌ನ ನೈಮೇಗನ್‌ನಲ್ಲಿ ಈ ದಳದ ಮುದ್ರೆ ಒತ್ತಿದ ಹೆಂಚುಗಳು ಸಿಕ್ಕವು. ಹತ್ತಿರದಲ್ಲೇ ದಳದ ಹೆಸರಿರುವ ಕಂಚಿನ ಪದಕವೂ ಸಿಕ್ಕಿತು. ಈ ದಳದಲ್ಲಿ ಸೇವೆ ಮಾಡಿದ ಕೆಲವು ಅಧಿಕಾರಿಗಳು ಮುಂದೆ ಯಾವಾಗ ಯಾವ ಹುದ್ದೆಗೆ ಏರಿದರು ಎಂದು ಲೆಕ್ಕ ಹಾಕಿದರೆ, 120ರ ಆಸುಪಾಸಿನಲ್ಲೂ ದಳ ಇತ್ತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ಅದು 132-135ರ ಯಹೂದಿ ದಂಗೆಯಲ್ಲೋ, 161ರಲ್ಲಿ ಆರ್ಮೇನಿಯಾದಲ್ಲೋ ನಾಶವಾಗಿರಬಹುದು.

ಬ್ರಿಟನ್ನಿನ ವಾದ ಪೂರ್ತಿ ಸತ್ತಿಲ್ಲ. ಚಕ್ರವರ್ತಿ ಹೇಡ್ರಿಯನ್ ಕಾಲದಲ್ಲಿ ಬ್ರಿಟನ್ನರ ಕೈಯಲ್ಲಿ ತುಂಬಾ ಸೈನಿಕರು ಸತ್ತರು ಎಂದು ಫ್ರಾಂಟೊ ಎಂಬ ರೋಮನ್ ತನ್ನ ಪತ್ರದಲ್ಲಿ ಬರೆದಿದ್ದಾನೆ. ಗಡಿಗೋಡೆಯ ಹತ್ತಿರದ ವಿಂಡೊಲಾಂಡ ಕೋಟೆಯಲ್ಲಿ ‘ಯುದ್ಧದಲ್ಲಿ ಸತ್ತವನು’ ಎಂದು ಬರೆದ ಒಬ್ಬ ಸೆಂಚುರಿಯನ್‌ನ ಸಮಾಧಿ ಕಲ್ಲಿದೆ. ಅಂದರೆ ಉತ್ತರದಲ್ಲಿ ದೊಡ್ಡ ಗಲಾಟೆ ನಡೆದದ್ದಂತೂ ಹೌದು.

ಕಾಡಿನಲ್ಲಿ ಇಡೀ ಲೀಜನ್ ನಾಶ ಆಗೋಕೆ ಸಾಧ್ಯನಾ? ಅಷ್ಟು ದೊಡ್ಡ ಸೈನ್ಯ!

ಒಂದಲ್ಲ, ಮೂರು ಲೀಜನ್ ನಾಶವಾದ ಉದಾಹರಣೆ ಇದೆ. ಕ್ರಿ.ಶ. 9ರಲ್ಲಿ ಜರ್ಮನಿಯ ಟ್ಯೂಟೊಬರ್ಗ್ ಕಾಡಿನಲ್ಲಿ ಸೇನಾಪತಿ ವಾರುಸ್‌ನ 17, 18, 19ನೇ ಲೀಜನ್‌ಗಳು ಮುಗಿದುಹೋದವು. ಬಲೆ ಹೆಣೆದವನು ಆರ್ಮಿನಿಯಸ್. ಅವನು ಜರ್ಮನ್ ಬುಡಕಟ್ಟಿನವನು, ರೋಮನ್ ಸೈನ್ಯದಲ್ಲೇ ಪಳಗಿದವನು, ವಾರುಸ್ ಪೂರ್ತಿ ನಂಬಿದ್ದವನು. ಎಟೈನ್ ಪಾತ್ರಕ್ಕೂ ಇವನಿಗೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ?

ರೋಮನ್ ಸೈನಿಕನ ಬಲ ಇದ್ದದ್ದು ಸಾಲಿನಲ್ಲಿ. ಗುರಾಣಿಗೆ ಗುರಾಣಿ ತಾಗಿಸಿ ಬಯಲಿನಲ್ಲಿ ನಿಂತರೆ ಅವನನ್ನು ಅಲುಗಿಸುವುದು ಕಷ್ಟ. ಕಾಡಿನ ಕಿರುದಾರಿಯಲ್ಲಿ ಸಾಲು ಕಿಲೋಮೀಟರ್‌ಗಟ್ಟಲೆ ಉದ್ದವಾಗುತ್ತದೆ. ಮುಂದಿನವರಿಗೆ ಹಿಂದಿನವರ ಕೂಗು ಕೇಳುವುದಿಲ್ಲ. ಸಿನಿಮಾದಲ್ಲಿ ಮಂಜಿನ ನಡುವೆ ಗುಡ್ಡದಿಂದ ಉರಿಯುವ ಉಂಡೆಗಳು ಉರುಳಿ ಬಂದು ಸಾಲನ್ನು ಒಡೆಯುತ್ತವೆ. ಬೆಂಕಿ ಉಂಡೆ ಸಿನಿಮಾದ ಅಲಂಕಾರ ಇರಬಹುದು, ಅದರ ಹಿಂದಿನ ಲೆಕ್ಕ ಸರಿಯಾದದ್ದೇ. ಆಮೇಲೆ ರೋಮನ್ನರು 17, 18, 19 ಎಂಬ ಸಂಖ್ಯೆಗಳನ್ನು ಮತ್ತೆ ಯಾವ ಲೀಜನ್‌ಗೂ ಇಡಲಿಲ್ಲ.

ಒಂಬತ್ತನೆಯದಕ್ಕೂ ಬ್ರಿಟನ್ನಿನಲ್ಲಿ ಎರಡು ಸಲ ಪೆಟ್ಟು ಬಿದ್ದಿತ್ತು. 60-61ರಲ್ಲಿ ರಾಣಿ ಬೌಡಿಕಾಳ ದಂಗೆಯಲ್ಲಿ ಅದರ ಕಾಲಾಳುಗಳು ಭಾರೀ ಸಂಖ್ಯೆಯಲ್ಲಿ ಸತ್ತರು. 82ರ ಸುಮಾರಿಗೆ ಉತ್ತರದ ಜನ ರಾತ್ರಿ ಅದರ ಶಿಬಿರಕ್ಕೇ ನುಗ್ಗಿದರು. ಅಗ್ರಿಕೋಲ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಉಳಿಯಿತು.

ಅಗ್ರಿಕೋಲ ನಿಜವಾದ ಮನುಷ್ಯನಾ? 117ರಲ್ಲಿ ಗವರ್ನರ್ ಆಗಿದ್ನಾ?

ಮನುಷ್ಯ ನಿಜ, ಕಾಲ ತಪ್ಪು. ಗ್ನೇಯಸ್ ಜೂಲಿಯಸ್ ಅಗ್ರಿಕೋಲ ಬ್ರಿಟನ್ನಿನ ಗವರ್ನರ್ ಆಗಿದ್ದದ್ದು 77ರಿಂದ 84ರ ಆಸುಪಾಸಿನವರೆಗೆ. 93ರಲ್ಲಿ ತೀರಿಕೊಂಡ. ಅವನ ಬಗ್ಗೆ ನಮಗೆ ಇಷ್ಟೆಲ್ಲ ಗೊತ್ತಿರುವುದು ಅವನ ಅಳಿಯ ಟ್ಯಾಸಿಟಸ್‌ನಿಂದ. 117 ಅಂದರೆ ಟ್ರಾಜನ್ ಸತ್ತು ಹೇಡ್ರಿಯನ್ ಪಟ್ಟಕ್ಕೆ ಬಂದ ವರ್ಷ. ಸಿನಿಮಾದ ಕೊನೆಯಲ್ಲಿ ಕಟ್ಟುತ್ತಿರುವ ಗೋಡೆಯೂ ಹಾಗೇ. ಹೇಡ್ರಿಯನ್ ಗೋಡೆಯ ಕೆಲಸ ಶುರುವಾದದ್ದು 122ರಲ್ಲಿ.

ಪಿಕ್ಟರು ಅಂದ್ರೆ ಯಾರು? ಸಿನಿಮಾದಲ್ಲಿ ಅವರು ಆಡೋ ಭಾಷೆ ನಿಜವಾದದ್ದಾ?

‘ಪಿಕ್ಟಿ’ ಎಂಬ ಹೆಸರು ಲ್ಯಾಟಿನ್ ಬರಹದಲ್ಲಿ ಮೊದಲು ಸಿಗುವುದು 297ರಲ್ಲಿ. ಬಣ್ಣ ಬಳಿದವರು ಎಂಬ ಅರ್ಥ. ಹೆಸರಿಟ್ಟವರು ಹೊರಗಿನವರು. 117ರಲ್ಲಿ ರೋಮನ್ನರು ಆ ಕಡೆಯವರನ್ನು ಕ್ಯಾಲಿಡೋನಿಯನ್ನರು ಎನ್ನುತ್ತಿದ್ದರು. ಸಿನಿಮಾದಲ್ಲಿ ಅವರು ಆಡುವುದು ಸ್ಕಾಟಿಷ್ ಗೇಲಿಕ್. ನಿಜವಾದ ಪಿಕ್ಟಿಷ್ ಭಾಷೆ ಈಗಿನ ವೆಲ್ಷ್ ಭಾಷೆಗೆ ಹತ್ತಿರವಾಗಿತ್ತು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಊರಿನ ಹೆಸರು, ಜನರ ಹೆಸರು, ಕೆಲವು ಕಲ್ಲಿನ ಬರಹ ಬಿಟ್ಟರೆ ಆ ಭಾಷೆ ಉಳಿದಿಲ್ಲ. ಹಾಗಿರುವಾಗ ಇಂಗ್ಲಿಷಿನಲ್ಲೇ ಮಾತಾಡಿಸಿ ಕೈ ತೊಳೆದುಕೊಳ್ಳದೆ, ಅಲ್ಲಿಯ ಜೀವಂತ ಭಾಷೆಯೊಂದನ್ನು ಬಳಸಿದ್ದು ನನಗೆ ಹಿಡಿಸಿತು.

ಅಷ್ಟು ಬಲವಿದ್ದ ರೋಮ್‌ಗೆ ಸ್ಕಾಟ್ಲೆಂಡ್ ಯಾಕೆ ದಕ್ಕಲಿಲ್ಲ?

83 ಅಥವಾ 84ರಲ್ಲಿ ಮಾನ್ಸ್ ಗ್ರಾಪಿಯಸ್ ಎಂಬಲ್ಲಿ ಅಗ್ರಿಕೋಲ ದೊಡ್ಡ ಯುದ್ಧವನ್ನೇ ಗೆದ್ದ. ಗೆದ್ದ ನೆಲದಲ್ಲಿ ನಿಲ್ಲಲು ಆಗಲಿಲ್ಲ. ಡ್ಯಾನ್ಯೂಬ್ ನದಿಯ ಗಡಿಯಲ್ಲಿ ಸೈನ್ಯ ಬೇಕಾಯಿತು, ಇಲ್ಲಿಂದ ಕರೆಸಿಕೊಂಡರು. ಟೇ ನದಿಯ ಹತ್ತಿರ ಇಂಚ್‌ಟುಟಿಲ್ ಎಂಬಲ್ಲಿ ಒಂದು ಲೀಜನ್ ಕೋಟೆ ಕಟ್ಟುತ್ತಿದ್ದರು. ಪೂರ್ತಿ ಮುಗಿಯುವ ಮೊದಲೇ ಬಿಟ್ಟು ಹೊರಟರು. ಹೋಗುವಾಗ ಎಂಟು ಲಕ್ಷಕ್ಕೂ ಜಾಸ್ತಿ ಕಬ್ಬಿಣದ ಮೊಳೆಗಳನ್ನು ಗುಂಡಿ ತೋಡಿ ಹೂತರು. ಶತ್ರುವಿಗೆ ಸಿಕ್ಕರೆ ಅದೇ ಕಬ್ಬಿಣ ಈಟಿಯ ಮೊನೆಯಾಗಿ ವಾಪಸ್ ಬರುತ್ತದಲ್ಲ! ಸುಮಾರು 1900 ವರ್ಷ ಆದ ಮೇಲೆ ಅಗೆದವರಿಗೆ ಆ ಮೊಳೆಗಳು ಸಿಕ್ಕವು. ಹೊರಗಿನವು ತುಕ್ಕು ಹಿಡಿದು ಅಂಟಿಕೊಂಡಿದ್ದವು, ಒಳಗಿನವು ಚೆನ್ನಾಗಿಯೇ ಇದ್ದವು. 208ರಲ್ಲಿ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ತಾನೇ ದಂಡೆತ್ತಿ ಬಂದ. 211ರಲ್ಲಿ ಯಾರ್ಕ್‌ನಲ್ಲಿ ಸತ್ತ. ಮಕ್ಕಳು ರೋಮ್‌ಗೆ ವಾಪಸ್ ಹೊರಟರು.

ಆ ಏಳು ಜನರಲ್ಲಿ ಆಫ್ರಿಕಾ, ಏಷ್ಯಾದವರ ಮುಖ ಇದೆ. ಇದು ಈಗಿನ ಕಾಲಕ್ಕೆ ಸೇರಿಸಿದ್ದಲ್ವಾ?

ಅಲ್ಲ. ಬ್ರಿಟನ್ನಿನ ರೋಮನ್ ಗಡಿಯಲ್ಲಿ ಸಿರಿಯಾದ ಬಿಲ್ಲುಗಾರರ ದಳ ಇತ್ತು. ಈಗಿನ ಬೆಲ್ಜಿಯಂ, ನೆದರ್‌ಲೆಂಡ್ಸ್ ಕಡೆಯ ದಳಗಳು ಇದ್ದವು. ಮುಂದೆ ಉತ್ತರ ಆಫ್ರಿಕಾದ ಮೂರ್ ದಳವೂ ಬಂತು. ಸೌತ್ ಶೀಲ್ಡ್ಸ್‌ನಲ್ಲಿ ಸಿಕ್ಕ ಒಂದು ಸಮಾಧಿ ಕಲ್ಲು ನನಗೆ ತುಂಬಾ ಇಷ್ಟ. ಸಿರಿಯಾದ ಪಾಲ್ಮೈರಾದವನಾದ ಬರಾಟೆಸ್ ತನ್ನ ಹೆಂಡತಿ ರೆಜೈನಾಗೆ ನಿಲ್ಲಿಸಿದ್ದು. ಅವಳು ದಕ್ಷಿಣ ಬ್ರಿಟನ್ನಿನ ಬುಡಕಟ್ಟಿನವಳು, ಮೊದಲು ಅವನ ದಾಸಿಯಾಗಿದ್ದವಳು. ಕಲ್ಲಿನಲ್ಲಿ ಮೊದಲು ಲ್ಯಾಟಿನ್ ಬರಹ, ಕೆಳಗೆ ಅವನ ತಾಯ್ನುಡಿಯ ಲಿಪಿಯಲ್ಲಿ ಒಂದು ಸಾಲು. ದುಃಖ ಬಂದಾಗ ಮನೆಮಾತೇ ಬೇಕಾಯಿತು ಅವನಿಗೆ.

ಇದೇ ಹೊತ್ತಿನಲ್ಲಿ ನಮ್ಮ ಕಡೆ ರೋಮನ್ನರ ಸುಳಿವು ಇತ್ತಾ?

ಸೈನಿಕರು ಬರಲಿಲ್ಲ, ನಾಣ್ಯ ಬಂತು. ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಅಲ್ಲಿ ಅಗೆತ ನಡೆಸಿದ ಮಾರ್ಟಿಮರ್ ವ್ಹೀಲರ್ ಅದಕ್ಕೂ ಮೊದಲು ಬ್ರಿಟನ್ನಿನಲ್ಲಿ ರೋಮನ್ ಜಾಗಗಳನ್ನು ಅಗೆದು ಹೆಸರು ಮಾಡಿದವರು.

ಇಂಗ್ಲೆಂಡಿಗೆ ಹೋದ್ರೆ ಏನೇನು ನೋಡಬಹುದು?

ಗೋಡೆಯನ್ನೇ ನೋಡಿ. ಪೂರ್ವದ ವಾಲ್ಸೆಂಡ್‌ನಿಂದ ಪಶ್ಚಿಮದ ಬೌನೆಸ್‌ವರೆಗೆ ಸುಮಾರು 117 ಕಿ.ಮೀ. ನಡುವಿನ ಹೌಸ್‌ಸ್ಟೆಡ್ಸ್ ಕೋಟೆಯ ಹತ್ತಿರ ಗೋಡೆ ಚೆನ್ನಾಗಿ ಉಳಿದಿದೆ. ವಿಂಡೊಲಾಂಡದಲ್ಲಿ ಸಿಕ್ಕ ತೆಳು ಮರದ ಹಾಳೆಗಳನ್ನು ತಪ್ಪಿಸಬೇಡಿ. ಒಂದರಲ್ಲಿ ಹುಟ್ಟುಹಬ್ಬದ ಕರೆಯೋಲೆ ಇದೆ. ಇನ್ನೊಂದರಲ್ಲಿ ಯಾರಿಗೋ ಕಾಲುಚೀಲ, ಒಳಚಡ್ಡಿ ಕಳಿಸಿದ ವಿಷಯ. ಚಳಿ ಆಗಲೂ ಅಷ್ಟೇ ಇತ್ತು.

‘ದಿ ಈಗಲ್’ ಸಿನಿಮಾನೂ ಇದೇ ಕಥೆನಾ?

ಅದೇ ದಳ, ಬೇರೆ ಕಥೆ. 2011ರಲ್ಲಿ ಬಂದದ್ದು, ರೋಸ್‌ಮರಿ ಸಟ್‌ಕ್ಲಿಫ್ ಅವರ 1954ರ ಕಾದಂಬರಿ ಆಧಾರ. ದಳ ಕಾಣೆಯಾಗಿ ಇಪ್ಪತ್ತು ವರ್ಷದ ಮೇಲೆ ಮಗನೊಬ್ಬ ಅಪ್ಪನ ಮರ್ಯಾದೆ ಹುಡುಕಿಕೊಂಡು ಹೋಗುತ್ತಾನೆ. ‘ಸೆಂಚುರಿಯನ್’ ಮೊದಲು ನೋಡಿ, ಆಮೇಲೆ ಅದು.

ಎರಡನೇ ಸಲ ನೋಡುವಾಗ ಏನನ್ನು ಗಮನಿಸಬೇಕು?

ಲೀಜನ್ ಹೊರಡುವ ದೃಶ್ಯದಿಂದ ಎಟೈನ್‌ನ ಕಣ್ಣುಗಳನ್ನು ಮಾತ್ರ ನೋಡುತ್ತಾ ಹೋಗಿ. ಅವಳಿಗೆ ಮುಂದೆ ಏನಾಗುತ್ತದೆ ಎಂದು ಗೊತ್ತು, ಈಗ ನಿಮಗೂ ಗೊತ್ತು. ಸೈನಿಕರು ನಗುತ್ತಿದ್ದಾರೆ. ಜನರಲ್ ತನ್ನವರ ಜೊತೆ ಕುಡಿಯುತ್ತಿದ್ದಾನೆ. ಅವಳು ಒಬ್ಬಳೇ ಮುಂದೆ ಹೋಗಿ ಕಾಡಿನ ದಾರಿ ತೋರಿಸುತ್ತಾಳೆ.